ವರ್ಡ್ ಫೈಲಿನಲ್ಲಿ ಬೇಡದ ಪೇಜ್: ತೆಗೆಯುವ ದಾರಿಗಳಲ್ಲಿ ನಿಮಗೆ ಯಾವುದು ಸರಿ?

"ಅಕ್ಕಾ, ಈ ಖಾಲಿ ಪೇಜ್ ಹೋಗ್ತಾನೇ ಇಲ್ಲ. ಎಷ್ಟು ಸಲ ಡಿಲೀಟ್ ಒತ್ತಿದೆ ಗೊತ್ತಾ?"

ತಿಪಟೂರಿನಲ್ಲಿ ಕಾಲೇಜಿನ ಹತ್ತಿರ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಪ್ರಾಜೆಕ್ಟ್ ರಿಪೋರ್ಟ್ ಕೊಡುವ ದಿನಗಳು ಹತ್ತಿರ ಬಂದರೆ ಈ ಮಾತು ದಿನಕ್ಕೆ ನಾಲ್ಕೈದು ಸಲ ಕೇಳಿಸುತ್ತದೆ. ಪೆನ್ ಡ್ರೈವ್ ಹಾಕಿ ಫೈಲ್ ತೆಗೆದರೆ, ಅರವತ್ತು ಪೇಜಿನ ನಡುವೆ ಎಲ್ಲೋ ಒಂದು ಬಿಳಿ ಹಾಳೆ. ಇಲ್ಲವೇ ಕೊನೆಯಲ್ಲಿ ಒಂದು. ನಾಳೆ ಬೆಳಿಗ್ಗೆ ಬೈಂಡಿಂಗ್ ಆಗಿ ಕೈಗೆ ಬರಬೇಕು, ಆದರೆ ಪೇಜ್ ನಂಬರ್ ಎಲ್ಲಾ ಒಂದೊಂದು ಮುಂದೆ ಹೋಗಿರುತ್ತದೆ.

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಹೇಳಲು ಆಗುವುದಿಲ್ಲ. ಯಾಕೆಂದರೆ ವರ್ಡ್ ಫೈಲಿನೊಳಗೆ 'ಪೇಜ್' ಅನ್ನುವ ವಸ್ತುವೇ ಇಲ್ಲ. ಫೈಲಿನಲ್ಲಿ ಇರುವುದು ಪ್ಯಾರಾಗಳು, ಟೇಬಲ್‌ಗಳು, ಚಿತ್ರಗಳು. ಅವು ಎಷ್ಟು ಹಾಳೆ ತುಂಬುತ್ತವೆ ಅನ್ನುವುದನ್ನು ವರ್ಡ್ ಆಗಾಗ ಲೆಕ್ಕ ಹಾಕಿ ತೋರಿಸುತ್ತದೆ. ಅಕ್ಕಿಯನ್ನು ಸೇರಿನಲ್ಲಿ ಅಳೆಯುತ್ತೇವಲ್ಲ, ಹಾಗೆ. ಐದು ಸೇರು ಅಕ್ಕಿ ಅಂದರೆ ಚೀಲದೊಳಗೆ ಐದು ಗಂಟು ಇರುವುದಿಲ್ಲ. ಸೇರು ದೊಡ್ಡದಾದರೆ ಎಣಿಕೆ ಕಡಿಮೆ ಆಗುತ್ತದೆ, ಅಷ್ಟೇ. ಪೇಜೂ ಹಾಗೆಯೇ. ಫಾಂಟ್ ಬದಲಾದರೆ, ಮಾರ್ಜಿನ್ ಬದಲಾದರೆ, ಪೇಪರ್ ಸೈಜ್ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅದಕ್ಕೇ ವರ್ಡ್‌ನಲ್ಲಿ 'ಈ ಪೇಜ್ ತೆಗೆ' ಅನ್ನುವ ಬಟನ್ ಇಲ್ಲ. ಪಕ್ಕದಲ್ಲಿ ತೆರೆದುಕೊಳ್ಳುವ ನ್ಯಾವಿಗೇಶನ್ ಪೇನ್‌ನಲ್ಲಿ ಪೇಜುಗಳ ಚಿಕ್ಕ ಚಿತ್ರ ಕಾಣುತ್ತದೆ, ಆದರೆ ಅಲ್ಲಿಂದ ಅದನ್ನು ಅಳಿಸಲು ಬರುವುದಿಲ್ಲ.

ಹಾಗಾಗಿ ಪೇಜನ್ನು ಬಿಟ್ಟು, ಆ ಪೇಜ್ ಹುಟ್ಟಲು ಕಾರಣವಾದದ್ದನ್ನು ಹುಡುಕಬೇಕು. ಅದು ಸಿಕ್ಕಿದರೆ ಯಾವ ದಾರಿ ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಗುರುತುಗಳನ್ನು ತೋರಿಸಿಕೊಳ್ಳಿ

ಕೈ ಹಾಕುವ ಮುಂಚೆ ಎಫ್12 ಒತ್ತಿ ಫೈಲಿಗೆ ಬೇರೆ ಹೆಸರು ಕೊಟ್ಟು ಇನ್ನೊಂದು ಕಾಪಿ ಮಾಡಿಕೊಳ್ಳಿ. ಕಂಟ್ರೋಲ್ ಝಡ್ ಇದೆಯಲ್ಲಾ ಅಂತ ಧೈರ್ಯದಿಂದ ಮುಂದುವರಿದು, ಸೇವ್ ಮಾಡಿ, ಮುಚ್ಚಿ, ಆಮೇಲೆ ತಪ್ಪು ಗೊತ್ತಾಗಿ ಅತ್ತವರನ್ನು ನೋಡಿದ್ದೇನೆ.

ಆಮೇಲೆ ಕಂಟ್ರೋಲ್, ಶಿಫ್ಟ್, 8 ಮೂರನ್ನೂ ಒಟ್ಟಿಗೆ ಒತ್ತಿ. ಹೋಮ್ ಟ್ಯಾಬ್‌ನಲ್ಲಿ ತಿರುಗಿಸಿಟ್ಟ ಇಂಗ್ಲಿಷ್ 'ಪಿ' ಥರ ಒಂದು ಬಟನ್ (¶) ಇದೆಯಲ್ಲ, ಅದೂ ಇದೇ ಕೆಲಸ ಮಾಡುತ್ತದೆ. ಇಷ್ಟು ಹೊತ್ತು ಖಾಲಿ ಅಂದುಕೊಂಡಿದ್ದ ಹಾಳೆಯಲ್ಲಿ ಏನೇನೋ ಕಾಣತೊಡಗುತ್ತದೆ. ಸಾಲಾಗಿ ಆ 'ಪಿ' ಗುರುತುಗಳೇ ಇದ್ದರೆ, ಯಾರೋ ಎಂಟರ್ ಒತ್ತಿ ಒತ್ತಿ ಕೆಳಗೆ ಬಂದಿದ್ದಾರೆ ಅಂತ ಅರ್ಥ. ಚುಕ್ಕಿ ಗೆರೆಯ ನಡುವೆ 'ಪೇಜ್ ಬ್ರೇಕ್' ಅಂತ ಬರೆದಿದ್ದರೆ ಅಲ್ಲಿ ಹಾಳೆಯನ್ನು ಬೇಕೆಂದೇ ಮುರಿದಿದ್ದಾರೆ. ಜೋಡಿ ಚುಕ್ಕಿ ಗೆರೆ, ನಡುವೆ 'ಸೆಕ್ಷನ್ ಬ್ರೇಕ್' ಅಂತಿದ್ದರೆ, ಅಂದರೆ ಫೈಲನ್ನು ಬೇರೆ ಬೇರೆ ಸೆಟ್ಟಿಂಗ್ ಇರುವ ಭಾಗಗಳಾಗಿ (ಸೆಕ್ಷನ್) ಒಡೆದಿದ್ದರೆ, ಕೈ ತಡೆಯಿರಿ, ಅದರ ಬಗ್ಗೆ ಕೆಳಗೆ ಬರೆದಿದ್ದೇನೆ. ಪ್ಯಾರಾದ ಎಡಕ್ಕೆ ಸಣ್ಣ ಕಪ್ಪು ಚೌಕ ಕಂಡರೆ, ಆ ಪ್ಯಾರಾಕ್ಕೆ 'ಪೇಜ್ ಬ್ರೇಕ್ ಬಿಫೋರ್' ಅಥವಾ 'ಕೀಪ್ ವಿತ್ ನೆಕ್ಸ್ಟ್' ಥರದ ಯಾವುದೋ ಕಟ್ಟಳೆ ಹಾಕಿದ್ದಾರೆ. ಪ್ಯಾರಾಗ್ರಾಫ್ ಸೆಟ್ಟಿಂಗ್ಸ್ ತೆರೆದು 'ಲೈನ್ ಅಂಡ್ ಪೇಜ್ ಬ್ರೇಕ್ಸ್' ಟ್ಯಾಬ್‌ನಲ್ಲಿ ಆ ಟಿಕ್ ತೆಗೆದರೆ ಪ್ಯಾರಾ ಮೇಲಕ್ಕೆ ಬರುತ್ತದೆ.

ಸುಮ್ನೆ ಎಂಟರ್‌ಗಳು, ಸಾದಾ ಪೇಜ್ ಬ್ರೇಕ್ ಇವೆರಡೇ ಇದ್ದರೆ ಬ್ಯಾಕ್‌ಸ್ಪೇಸ್, ಡಿಲೀಟ್ ಸಾಕು. ಬೇರೆ ಯಾವ ದಾರಿಯೂ ಬೇಡ. ಒಂದೇ ಎಚ್ಚರಿಕೆ: ಚಿತ್ರಗಳು, ಟೆಕ್ಸ್ಟ್ ಬಾಕ್ಸ್‌ಗಳು ಯಾವುದಾದರೂ ಪ್ಯಾರಾಕ್ಕೆ ಗಂಟು ಹಾಕಿಕೊಂಡಿರುತ್ತವೆ. ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಲಂಗರಿನ ಗುರುತು ಯಾವ ಪ್ಯಾರಾ ಪಕ್ಕ ಇದೆ ಅಂತ ಕಾಣುತ್ತದೆ. ಖಾಲಿ ಅಂದುಕೊಂಡು ಆ ಪ್ಯಾರಾ ಅಳಿಸಿದರೆ ಚಿತ್ರವೂ ಜೊತೆಗೇ ಹೋಗುತ್ತದೆ.

ಡಿಲೀಟ್ ಒತ್ತಿದರೆ ಅಕ್ಷರ ಹೋಗುವ ಬದಲು ಬಣ್ಣಕ್ಕೆ ತಿರುಗಿ ಮೇಲೆ ಗೀಟು ಬೀಳುತ್ತಿದೆಯಾ? ಹಾಗಾದರೆ ಟ್ರ್ಯಾಕ್ ಚೇಂಜಸ್ ಆನ್ ಇದೆ. ಗೈಡ್ ತಿದ್ದಿ ಕಳಿಸಿದ ಫೈಲುಗಳಲ್ಲಿ ಇದು ಜಾಸ್ತಿ. ಅಳಿಸಿದ್ದು ಪೂರ್ತಿ ಹೋಗದೆ ಜಾಗ ಹಿಡಿದುಕೊಂಡೇ ಇರುತ್ತದೆ. ರಿವ್ಯೂ ಟ್ಯಾಬ್‌ಗೆ ಹೋಗಿ ಅದನ್ನು ಆಫ್ ಮಾಡಿ, ಬದಲಾವಣೆಗಳನ್ನು ಅಕ್ಸೆಪ್ಟ್ ಮಾಡಿದ ಮೇಲೆ ಪೇಜ್ ಕರಗುತ್ತದೆ. ಗೈಡ್ ಇನ್ನೂ ಒಂದು ಸಲ ನೋಡಬೇಕು ಅಂತಿದ್ದರೆ ಮಾತ್ರ ಅಕ್ಸೆಪ್ಟ್ ಮಾಡಬೇಡಿ.

ಸೆಕ್ಷನ್ ಬ್ರೇಕ್: ಅಳಿಸುವುದೋ, ಬದಲಿಸುವುದೋ?

ಹೋದ ವರ್ಷ ಒಬ್ಬ ಹುಡುಗಿ ಎಂ.ಕಾಂ. ಪ್ರಾಜೆಕ್ಟ್ ತಂದಿದ್ದಳು. ಮೊದಲಿಂದ 34 ಪೇಜ್ ನೆಟ್ಟಗೆ ಇತ್ತು. ಆಮೇಲೆ ಒಂದು ದೊಡ್ಡ ಟೇಬಲ್, ಅದಕ್ಕಾಗಿ ಒಂದು ಹಾಳೆ ಅಡ್ಡ. ಅಡ್ಡ ಹಾಳೆಗೆ ಮುಂಚೆ ಒಂದು ಖಾಲಿ ಪೇಜ್. ಅವಳು ಮನೆಯಲ್ಲಿ ಆ ಖಾಲಿ ಪೇಜಿನಲ್ಲಿದ್ದ ಸೆಕ್ಷನ್ ಬ್ರೇಕನ್ನು ಡಿಲೀಟ್ ಮಾಡಿದ್ದಾಳೆ. ಖಾಲಿ ಪೇಜ್ ಹೋಯಿತು, ಆದರೆ ಹಿಂದಿನ 34 ಪೇಜೂ ಅಡ್ಡ ತಿರುಗಿ ಕೂತವು. ಗಾಬರಿಯಲ್ಲಿ ಒಂದೊಂದನ್ನೇ ಸರಿಪಡಿಸಲು ಹೋಗಿ ಹೆಡರ್, ಪೇಜ್ ನಂಬರ್ ಎಲ್ಲಾ ಕಲಸಿಹೋಗಿತ್ತು.

ಇದು ಅವಳ ತಪ್ಪಲ್ಲ. ವರ್ಡ್ ಇರುವುದೇ ಹಾಗೆ. ಒಂದು ಸೆಕ್ಷನ್‌ನ ಮಾರ್ಜಿನ್, ಹಾಳೆಯ ದಿಕ್ಕು, ಹೆಡರ್ ಫೂಟರ್ ಎಲ್ಲವೂ ಆ ಸೆಕ್ಷನ್ ಮುಗಿಯುವ ಕಡೆ ಇರುವ ಬ್ರೇಕಿನಲ್ಲಿ ಅಡಗಿರುತ್ತವೆ. ಬ್ರೇಕ್ ಅಳಿಸಿದರೆ ಅದರ ಮೇಲಿದ್ದ ಭಾಗಕ್ಕೆ ಸ್ವಂತ ಗುಣ ಇಲ್ಲದಂತಾಗಿ, ಕೆಳಗಿನ ಸೆಕ್ಷನ್‌ನ ಗುಣವೇ ಬಂದುಬಿಡುತ್ತದೆ. ಮುಂದಿನದು ಹಿಂದಿನದನ್ನು ನುಂಗುತ್ತದೆ ಅಂತ ನೆನಪಿಟ್ಟುಕೊಳ್ಳಿ.

ಅವಳ ಫೈಲಿನಲ್ಲಿ ನಿಜವಾದ ಕಾರಣ ಬಹಳ ಚಿಕ್ಕದಿತ್ತು. ಸೆಕ್ಷನ್ ಬ್ರೇಕಿನ ಮುಂಚೆ ಒಂದು ಸಾದಾ ಪೇಜ್ ಬ್ರೇಕೂ ಇತ್ತು. ಎರಡು ಬ್ರೇಕ್ ಒಂದರ ಹಿಂದೆ ಒಂದು ಬಂದರೆ ನಡುವೆ ಖಾಲಿ ಹಾಳೆ ಬರಲೇಬೇಕು. ಹಳೆಯ ಕಾಪಿ ತರಿಸಿಕೊಂಡು, ಸೆಕ್ಷನ್ ಬ್ರೇಕ್ ಮುಟ್ಟದೆ ಪೇಜ್ ಬ್ರೇಕ್ ಒಂದನ್ನೇ ಅಳಿಸಿದೆ. ಐದು ನಿಮಿಷದ ಕೆಲಸ. ಹಾಗಾಗಿ ಎರಡೂ ಇದ್ದರೆ ತೆಗೆಯಬೇಕಾದದ್ದು ಪೇಜ್ ಬ್ರೇಕ್, ಸೆಕ್ಷನ್ ಬ್ರೇಕ್ ಅಲ್ಲ.

ಸೆಕ್ಷನ್ ಬ್ರೇಕ್ ಒಂದೇ ಇದ್ದು, ಅದೇ ಕಾರಣ ಅಂತ ಗೊತ್ತಾದರೆ? ಆಗಲೂ ಅಳಿಸುವುದಕ್ಕಿಂತ ಅದರ ಜಾತಿ ಬದಲಿಸುವುದು ಮೇಲು. ಬ್ರೇಕಿನ ನಂತರದ ಭಾಗದಲ್ಲಿ ಕರ್ಸರ್ ಇಟ್ಟು, ಲೇಔಟ್ ಟ್ಯಾಬ್‌ನಿಂದ ಪೇಜ್ ಸೆಟಪ್ ಡಬ್ಬಿ ತೆರೆಯಿರಿ. ಅದರೊಳಗೆ ಲೇಔಟ್ ಅನ್ನುವ ಕಡೆ 'ಸೆಕ್ಷನ್ ಸ್ಟಾರ್ಟ್' ಇದೆ. ಅದನ್ನು 'ಕಂಟಿನ್ಯೂಯಸ್' ಮಾಡಿದರೆ ಬ್ರೇಕ್ ಉಳಿಯುತ್ತದೆ, ಹೊಸ ಹಾಳೆ ಮಾತ್ರ ಹುಟ್ಟುವುದಿಲ್ಲ. ಫೈಲಿನ ಕಟ್ಟಕಡೆಯಲ್ಲಿ ಸೆಕ್ಷನ್ ಬ್ರೇಕಿನಿಂದ ಖಾಲಿ ಪೇಜ್ ಬಂದಿದ್ದರೆ ನಾನು ಮೊದಲು ಮಾಡುವುದು ಇದನ್ನೇ. ಒಂದು ಮಿತಿ ಇದೆ: ಎರಡು ಸೆಕ್ಷನ್‌ಗಳ ಹಾಳೆಯ ದಿಕ್ಕು ಬೇರೆ ಬೇರೆ ಇದ್ದರೆ ಕಂಟಿನ್ಯೂಯಸ್ ಮಾಡಿದರೂ ಹೊಸ ಹಾಳೆ ಬಂದೇ ಬರುತ್ತದೆ. ನೆಟ್ಟಗಿನದು, ಅಡ್ಡದ್ದು ಒಂದೇ ಹಾಳೆಯಲ್ಲಿ ಇರಲು ಸಾಧ್ಯ ಇಲ್ಲವಲ್ಲ.

ಇನ್ನೊಂದು ಜಾತಿ ಇದೆ, 'ಆಡ್ ಪೇಜ್' (ಬೆಸ ನಂಬರಿನ ಪೇಜ್) ಸೆಕ್ಷನ್ ಬ್ರೇಕ್. ಇದು ಸ್ಕ್ರೀನಿನಲ್ಲಿ ಖಾಲಿ ಪೇಜ್ ತೋರಿಸುವುದೇ ಇಲ್ಲ. 11 ಆದ ಮೇಲೆ ಸೀದಾ 13 ಕಾಣುತ್ತದೆ. ಪ್ರಿಂಟ್ ತೆಗೆದಾಗ ಅಥವಾ ಪಿಡಿಎಫ್ ಮಾಡಿದಾಗ ನಡುವೆ ಬಿಳಿ ಹಾಳೆ ಹೊರಬರುತ್ತದೆ. ಅಧ್ಯಾಯ ಯಾವಾಗಲೂ ಬಲಗಡೆಯ ಪುಟದಲ್ಲಿ ಶುರುವಾಗಲಿ ಅಂತ ಯಾರೋ ಅದನ್ನು ಬೇಕೆಂದೇ ಹಾಕಿರುತ್ತಾರೆ. ನೀವು ಹಾಳೆಯ ಎರಡೂ ಬದಿ ಪ್ರಿಂಟ್ ಮಾಡಿ ಬೈಂಡ್ ಮಾಡಿಸುವುದಾದರೆ ದಯವಿಟ್ಟು ಆ ಖಾಲಿ ಪೇಜ್ ಬಿಡಿ. ಅದು ಬೇಡದ ಪೇಜ್ ಅಲ್ಲ. ಒಂದೇ ಬದಿ ಪ್ರಿಂಟ್ ಮಾಡುವುದಾದರೆ ಮಾತ್ರ ಸೆಕ್ಷನ್ ಸ್ಟಾರ್ಟ್ ಕಡೆ 'ನ್ಯೂ ಪೇಜ್' ಆರಿಸಿ.

ಟೇಬಲ್ ಆದ ಮೇಲಿನ ಹಠಮಾರಿ ಪೇಜ್

ಬಯೋಡೇಟಾ, ಕೊಟೇಶನ್, ಅಂಕಪಟ್ಟಿ, ಸಂಘದ ಜಮಾಖರ್ಚು. ಇವೆಲ್ಲ ಟೇಬಲ್‌ನಲ್ಲೇ ಮುಗಿಯುವ ಫೈಲುಗಳು. ಟೇಬಲ್ ಹಾಳೆಯ ತುದಿವರೆಗೆ ಬಂದಿದ್ದರೆ ಹಿಂದೆಯೇ ಒಂದು ಖಾಲಿ ಪೇಜ್. ಅದರಲ್ಲಿ ಒಂದೇ ಒಂದು 'ಪಿ' ಗುರುತು. ಎಷ್ಟು ಒತ್ತಿದರೂ ಹೋಗುವುದಿಲ್ಲ. ಕಾರಣ, ಟೇಬಲ್ ಆದ ಮೇಲೆ ಒಂದು ಪ್ಯಾರಾ ಇರಲೇಬೇಕು ಅನ್ನುವುದು ವರ್ಡ್‌ನ ನಿಯಮ. ಅದನ್ನು ಅಳಿಸಲು ಆಗದು, ಕುಗ್ಗಿಸಲು ಮಾತ್ರ ಆಗುತ್ತದೆ.

ಕುಗ್ಗಿಸಲು ಎರಡು ದಾರಿ ಇವೆ. ಒಂದು, ಆ ಗುರುತನ್ನು ಸೆಲೆಕ್ಟ್ ಮಾಡಿ ಫಾಂಟ್ ಸೈಜ್ ಡಬ್ಬಿಯಲ್ಲಿ 1 ಅಂತ ಟೈಪ್ ಮಾಡಿ ಎಂಟರ್ ಒತ್ತುವುದು. ಜೊತೆಗೆ ಪ್ಯಾರಾ ಹಿಂದೆ ಮುಂದಿನ ಜಾಗವನ್ನು 0 ಮಾಡಿ, ಲೈನ್ ಸ್ಪೇಸಿಂಗ್ ಸಿಂಗಲ್ ಇಡುವುದು. ಎರಡನೆಯದು, ಕಂಟ್ರೋಲ್ ಡಿ ಒತ್ತಿ 'ಹಿಡನ್' ಟಿಕ್ ಮಾಡುವುದು. ನಾನು ಮೊದಲನೆಯದನ್ನೇ ಮಾಡುತ್ತೇನೆ. ಹಿಡನ್ ಮಾಡಿದ್ದು ಗುರುತುಗಳನ್ನು ತೋರಿಸಿಕೊಂಡಾಗ ಮತ್ತೆ ಕಾಣಿಸಿಕೊಂಡು ಖಾಲಿ ಪೇಜೂ ವಾಪಸ್ ಬಂದಂತೆ ತೋರುತ್ತದೆ. ಫೈಲ್ ಇನ್ನೊಬ್ಬರ ಕೈಗೆ ಹೋದರೆ ಅವರಿಗೆ ಗಲಿಬಿಲಿ.

1 ಪಾಯಿಂಟ್ ಜಾಗವೂ ಇಲ್ಲದಷ್ಟು ಟೇಬಲ್ ತುಂಬಿದ್ದರೆ ಯಾವುದಾದರೂ ಒಂದು ಸಾಲಿನ ಎತ್ತರ ಸ್ವಲ್ಪ ಕಡಿಮೆ ಮಾಡಿ. ಅಷ್ಟಕ್ಕೇ ಸರಿಹೋಗುತ್ತದೆ.

ಎರಡೇ ಸಾಲು ಮುಂದಿನ ಪೇಜಿಗೆ ಜಾರಿದಾಗ

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಈ ಭಾಗ ಮುಖ್ಯ. ಪೇಜ್ ಖಾಲಿ ಇಲ್ಲ, ಆದರೆ ಅದರಲ್ಲಿರುವುದು ಎರಡು ಸಾಲು. 'ಇತಿ ತಮ್ಮ ವಿಶ್ವಾಸಿ' ಅನ್ನುವುದಷ್ಟೇ ಎರಡನೇ ಹಾಳೆಗೆ ಹೋಗಿರುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಒಂದೇ ಪೇಜ್ ಇತ್ತು, ಅಂಗಡಿಗೆ ತಂದರೆ ಎರಡಾಯಿತು ಅಂತ ಜನ ಹೇಳುತ್ತಾರೆ. ಅವರು ಹೇಳುವುದು ನಿಜ. ಅವರ ಕಂಪ್ಯೂಟರಿನಲ್ಲಿದ್ದ ಕನ್ನಡ ಫಾಂಟ್ ಇಲ್ಲಿ ಇಲ್ಲದಿದ್ದರೆ ವರ್ಡ್ ಬೇರೆ ಫಾಂಟ್ ಹಾಕಿಕೊಳ್ಳುತ್ತದೆ. ತುಂಗಾ, ನಿರ್ಮಲಾ, ನೋಟೋ ಸಾನ್ಸ್ ಕನ್ನಡ, ಒಂದೊಂದಕ್ಕೂ ಸಾಲಿನ ಎತ್ತರ ಬೇರೆ, ಅಕ್ಷರದ ಅಗಲ ಬೇರೆ. ಒಂದು ಪೇಜಿನಲ್ಲಿ ಮೂವತ್ತು ಸಾಲು ಇದ್ದರೆ, ಸಾಲಿಗೆ ಕೂದಲೆಳೆಯಷ್ಟು ಹೆಚ್ಚಾದರೂ ಕೊನೆಯ ಎರಡು ಸಾಲು ಕೆಳಗೆ ಬೀಳುತ್ತವೆ.

ಇಲ್ಲಿ ಆಯ್ಕೆ ಬಹಳ. ಜನ ಮೊದಲು ಕೈ ಹಾಕುವುದು ಲೈನ್ ಸ್ಪೇಸಿಂಗ್‌ಗೆ. 'ಎಕ್ಸಾಕ್ಟ್ಲಿ' ಆರಿಸಿ 12 ಅಥವಾ 14 ಪಾಯಿಂಟ್ ಕೊಡುತ್ತಾರೆ. ಇಂಗ್ಲಿಷಿಗೆ ಅದು ನಡೆಯುತ್ತದೆ, ಕನ್ನಡಕ್ಕೆ ನಡೆಯುವುದಿಲ್ಲ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. 'ಸ್ತ್ರೀ' ಅಂತ ಟೈಪ್ ಮಾಡಿ ಎಕ್ಸಾಕ್ಟ್ಲಿ 12 ಕೊಟ್ಟು ನೋಡಿ. ಸ ಕಾಣುತ್ತದೆ, ಕೆಳಗಿನ ತ ಒತ್ತು, ರ ಒತ್ತು ಎರಡೂ ಕತ್ತರಿಸಿ ಹೋಗಿರುತ್ತವೆ. 'ರಾಷ್ಟ್ರ', 'ಲಕ್ಷ್ಮಿ' ಕೂಡ ಹಾಗೇ. ಹೆಸರಿನಲ್ಲೇ ಒತ್ತು ಕತ್ತರಿಸಿಹೋದ ಅರ್ಜಿಯನ್ನು ಯಾರ ಕೈಗೂ ಕೊಡಬಾರದು. ನಾನಂತೂ ಕನ್ನಡ ಫೈಲಿಗೆ ಎಕ್ಸಾಕ್ಟ್ಲಿ ಮುಟ್ಟುವುದಿಲ್ಲ.

ಅದರ ಬದಲು ಪ್ಯಾರಾಗಳ ನಡುವಿನ ಜಾಗ ನೋಡಿ. ವರ್ಡ್ 2013ರಿಂದ ಈಚೆಗೆ ಹೊಸ ಫೈಲ್ ತೆರೆದರೆ ಪ್ರತಿ ಪ್ಯಾರಾ ಆದ ಮೇಲೆ 8 ಪಾಯಿಂಟ್ ಜಾಗ ತಾನೇ ಬಂದಿರುತ್ತದೆ. ಪೇಜಿನಲ್ಲಿ 20 ಚಿಕ್ಕ ಪ್ಯಾರಾ ಇದ್ದರೆ 160 ಪಾಯಿಂಟ್. 72 ಪಾಯಿಂಟ್ ಅಂದರೆ ಒಂದು ಇಂಚು. ಅಂದರೆ ಎರಡು ಇಂಚಿಗಿಂತ ಜಾಸ್ತಿ ಜಾಗ ಸುಮ್ನೆ ಬಿಟ್ಟಿರುತ್ತೇವೆ. 8 ಇದ್ದದ್ದನ್ನು 4 ಮಾಡಿದರೆ ಒಂದು ಇಂಚು ಸಿಕ್ಕಿತು. ಅಕ್ಷರ ಚಿಕ್ಕದಾಗುವುದಿಲ್ಲ, ಒತ್ತು ಕತ್ತರಿಸುವುದಿಲ್ಲ, ನೋಡುವವರಿಗೆ ಗೊತ್ತೂ ಆಗುವುದಿಲ್ಲ.

ಆಮೇಲೆ ಪೇಪರ್ ಸೈಜ್. ಫೈಲ್ 'ಲೆಟರ್' ಸೈಜಿನಲ್ಲಿದ್ದರೆ ಹಾಳೆಯ ಎತ್ತರ 279 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಪ್ರಿಂಟರಿಗೆ ಹಾಕುವ ಎ4 ಹಾಳೆ 297. ಎ4 ಅಂತ ಬದಲಿಸಿದರೆ ಪೇಜಿಗೆ 18 ಮಿಲಿಮೀಟರ್ ಸಿಗುತ್ತದೆ, ಅಂದರೆ ಎರಡು ಮೂರು ಸಾಲು. ಅಗಲದಲ್ಲಿ 6 ಮಿಲಿಮೀಟರ್ ಕಡಿಮೆ ಆಗುತ್ತದೆ, ಅದೂ ಲೆಕ್ಕದಲ್ಲಿರಲಿ. ಮಾರ್ಜಿನ್ ಕುಗ್ಗಿಸುವುದು ಇದಾದ ನಂತರ. ಬೈಂಡಿಂಗ್ ಇದ್ದರೆ ಎಡಗಡೆ ಮಾರ್ಜಿನ್ ಮಾತ್ರ ಮುಟ್ಟಬೇಡಿ.

'ಶ್ರಿಂಕ್ ಒನ್ ಪೇಜ್' ಅಂತ ವರ್ಡ್‌ನಲ್ಲಿ ಒಂದು ಆಜ್ಞೆ ಇದೆ. ಅದು ರಿಬ್ಬನ್‌ನಲ್ಲಿ ಕಾಣುವುದಿಲ್ಲ, ಕ್ವಿಕ್ ಅಕ್ಸೆಸ್ ಟೂಲ್‌ಬಾರಿಗೆ 'ಆಲ್ ಕಮಾಂಡ್ಸ್' ಪಟ್ಟಿಯಿಂದ ಸೇರಿಸಿಕೊಳ್ಳಬೇಕು. ಒಂದು ಕ್ಲಿಕ್ಕಿಗೆ ಫಾಂಟ್ ಸೈಜ್ ಇಳಿಸಿ ಒಂದು ಪೇಜ್ ಉಳಿಸಲು ನೋಡುತ್ತದೆ. ಮನೆಯ ಪಟ್ಟಿ, ನೋಟಿಸ್ ಇಂಥವಕ್ಕೆ ಸರಿ. ಇಷ್ಟೇ ಫಾಂಟ್ ಸೈಜ್ ಇರಬೇಕು ಅಂತ ಕಾಲೇಜು ಹೇಳಿರುವ ರಿಪೋರ್ಟಿಗೆ ಬೇಡ.

ಫಾಂಟ್ ಬದಲಾಗಿಯೇ ಈ ತೊಂದರೆ ಬಂದಿದ್ದರೆ, ಮೂಲ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಂಡು ಬರುವುದು ಎಲ್ಲಕ್ಕಿಂತ ನೆಮ್ಮದಿ. ವರ್ಡ್ ಫೈಲೇ ಬೇಕಾದರೆ ಆಪ್ಷನ್ಸ್ ಒಳಗೆ ಸೇವ್ ಕಡೆ 'ಎಂಬೆಡ್ ಫಾಂಟ್ಸ್' ಟಿಕ್ ಮಾಡಿ ಸೇವ್ ಮಾಡಿ.

ತುಂಬಿದ ಪೇಜನ್ನೇ ತೆಗೆಯಬೇಕಾದರೆ

ಹಳೆಯ ರಿಪೋರ್ಟನ್ನು ತಿದ್ದುವಾಗ ಕೆಲವು ಪೇಜ್ ಪೂರ್ತಿ ಬೇಡವಾಗುತ್ತದೆ. ಇಲ್ಲಿ ಮೂರು ದಾರಿ ಇವೆ, ಮೂರಕ್ಕೂ ಅದರದ್ದೇ ಜಾಗ ಇದೆ.

ಒಂದೇ ಪೇಜ್ ಆದರೆ ಕರ್ಸರನ್ನು ಅದರಲ್ಲಿಟ್ಟು ಕಂಟ್ರೋಲ್ ಜಿ ಒತ್ತಿ. ಬರುವ ಡಬ್ಬಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ, ಅದಕ್ಕೆ ಅಂಟಿಸಿ 'ಪೇಜ್' ಅನ್ನುವ ಪದವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಎಂಟರ್ ಒತ್ತಿ. ಆ ಪೇಜಿನಲ್ಲಿರುವುದೆಲ್ಲ ಒಟ್ಟಿಗೆ ಸೆಲೆಕ್ಟ್ ಆಗುತ್ತದೆ. ಡಬ್ಬಿ ಮುಚ್ಚಿ ಡಿಲೀಟ್ ಒತ್ತಿದರೆ ಮುಗಿಯಿತು. ನುಡಿ, ಬರಹ ಥರದ ಕನ್ನಡ ಸಾಫ್ಟ್‌ವೇರ್ ಹಾಕಿಕೊಂಡು ಟೈಪ್ ಮಾಡುವವರು ಮೊದಲು ಕನ್ನಡ ಆಫ್ ಮಾಡಿಕೊಳ್ಳಿ. ಇಲ್ಲದಿದ್ದರೆ ಡಬ್ಬಿಯಲ್ಲಿ ಬೇರೆ ಅಕ್ಷರ ಬಿದ್ದು ಏನೂ ಆಗುವುದಿಲ್ಲ. ಈ ದಾರಿಯ ಕೊರತೆ ಏನೆಂದರೆ, ಹಿಂದಿನ ಪೇಜಿನಿಂದ ಹರಿದು ಬಂದ ಪ್ಯಾರಾ ಅರ್ಧಕ್ಕೆ ಕತ್ತರಿಸುತ್ತದೆ. ಅರ್ಥ ನೋಡದೆ ಹಾಳೆ ನೋಡಿ ಕತ್ತರಿಸುವ ದಾರಿ ಇದು.

ಹತ್ತು ಹದಿನೈದು ಪೇಜ್ ಒಟ್ಟಿಗೆ ಹೋಗಬೇಕಾದರೆ, ಶುರುವಿನಲ್ಲಿ ಕ್ಲಿಕ್ ಮಾಡಿ, ಕೆಳಗೆ ಹೋಗಿ, ಕೊನೆಯಲ್ಲಿ ಶಿಫ್ಟ್ ಹಿಡಿದು ಕ್ಲಿಕ್ ಮಾಡಿ. ಮೌಸ್ ಎಳೆದುಕೊಂಡು ಹೋಗಬೇಡಿ, ನಡುವೆ ಕೈ ಜಾರುತ್ತದೆ. ಅಲ್ಲಿಂದ ಕೊನೆವರೆಗೂ ಬೇಡ ಅಂತಾದರೆ ಕಂಟ್ರೋಲ್, ಶಿಫ್ಟ್, ಎಂಡ್ ಸಾಕು.

ಮೂರನೆಯದು ನನಗೆ ಅತಿ ಇಷ್ಟವಾದದ್ದು. ಅಧ್ಯಾಯದ ತಲೆಬರಹಗಳಿಗೆ ಸರಿಯಾಗಿ ಹೆಡಿಂಗ್ ಸ್ಟೈಲ್ ಕೊಟ್ಟಿದ್ದರೆ, ನ್ಯಾವಿಗೇಶನ್ ಪೇನ್ ತೆರೆದು ಆ ಹೆಡಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಲೀಟ್ ಅನ್ನಿ. ತಲೆಬರಹವೂ ಅದರ ಕೆಳಗಿನ ಎಲ್ಲವೂ ಹೋಗುತ್ತದೆ. ಪೇಜ್ ಎಲ್ಲಿ ಮುರಿಯುತ್ತದೆ ಅನ್ನುವ ಚಿಂತೆಯೇ ಇಲ್ಲ. ಆದರೆ ತಲೆಬರಹವನ್ನು ಸುಮ್ನೆ ದಪ್ಪ ಮಾಡಿ ಬಿಟ್ಟವರಿಗೆ ಇದು ಸಿಗುವುದಿಲ್ಲ. ನಮ್ಮಲ್ಲಿಗೆ ಬರುವ ಫೈಲುಗಳಲ್ಲಿ ಅಂಥವೇ ಜಾಸ್ತಿ.

ಫೈಲ್ ಮುಟ್ಟದೆ ಪೇಜ್ ಬಿಡುವುದು

ಬೇಕಾಗಿರುವುದು ಬರೀ ಪ್ರಿಂಟ್, ಫೈಲ್ ಇನ್ನು ಯಾರೂ ತೆರೆಯುವುದಿಲ್ಲ ಅಂತಿದ್ದರೆ ಇಷ್ಟೆಲ್ಲ ಯಾಕೆ? ಪ್ರಿಂಟ್ ಡಬ್ಬಿಯಲ್ಲಿ 'ಪೇಜಸ್' ಕಡೆ 1-40,42-62 ಅಂತ ಕೊಡಿ. 41 ಬಿಟ್ಟು ಉಳಿದದ್ದು ಬರುತ್ತದೆ. ರಾತ್ರಿ ಎಂಟಕ್ಕೆ ಬಂದು ಬೆಳಿಗ್ಗೆ ಒಂಬತ್ತಕ್ಕೆ ಸಬ್ಮಿಟ್ ಮಾಡಬೇಕಾದವರಿಗೆ ನಾನು ಹೇಳುವುದು ಇದನ್ನೇ. ಆದರೆ ಹಾಳೆಯ ಕೆಳಗೆ ನಂಬರ್ 40 ಆದ ಮೇಲೆ 42 ಬರುತ್ತದೆ, ಎಣಿಸುವವರು ಕೇಳುತ್ತಾರೆ. ಇನ್ನೊಂದು ತೊಡಕು: ಸೆಕ್ಷನ್‌ನಿಂದ ಸೆಕ್ಷನ್‌ಗೆ ನಂಬರ್ ಮತ್ತೆ 1ರಿಂದ ಶುರುವಾಗಿದ್ದರೆ ವರ್ಡ್‌ಗೆ ಯಾವ 3 ಅಂತ ಗೊತ್ತಾಗುವುದಿಲ್ಲ. ಆಗ ಇಂಗ್ಲಿಷ್ 'ಪಿ' ಅಕ್ಷರ, ಪೇಜ್ ನಂಬರ್, 'ಎಸ್' ಅಕ್ಷರ, ಸೆಕ್ಷನ್ ನಂಬರ್, ಹೀಗೆ ಸೇರಿಸಿ ಟೈಪ್ ಮಾಡಬೇಕು.

ಪಿಡಿಎಫ್‌ನ ಕಥೆ ಪೂರ್ತಿ ಬೇರೆ. ಅಲ್ಲಿ ಪೇಜ್ ಅನ್ನುವುದು ನಿಜವಾಗಿ ಇರುವ ವಸ್ತು. ಹಾಗಾಗಿ ತೆಗೆಯುವುದು ಸುಲಭ, ಉಳಿದ ಪೇಜ್ ಒಂದಿಂಚೂ ಅಲುಗಾಡುವುದಿಲ್ಲ. ಮ್ಯಾಕ್ ಇದ್ದರೆ ಪ್ರಿವ್ಯೂನಲ್ಲಿ ಪೇಜಿನ ಚಿಕ್ಕ ಚಿತ್ರ ಆರಿಸಿ ಡಿಲೀಟ್ ಒತ್ತಿದರೆ ಸಾಕು. ವಿಂಡೋಸ್‌ನಲ್ಲಿ ಪಿಡಿಎಫನ್ನು ಕ್ರೋಮ್ ಅಥವಾ ಎಡ್ಜ್‌ನಲ್ಲಿ ತೆರೆದು, ಪ್ರಿಂಟ್ ಕೊಟ್ಟು, ಪ್ರಿಂಟರ್ ಬದಲು 'ಸೇವ್ ಆಸ್ ಪಿಡಿಎಫ್' ಆರಿಸಿ, ಬೇಕಾದ ಪೇಜ್ ನಂಬರ್ ಮಾತ್ರ ಕೊಡಿ. ಆಂಡ್ರಾಯ್ಡ್ ಫೋನಿನಲ್ಲೂ ಪ್ರಿಂಟ್ ಅಂತ ಒತ್ತಿದರೆ ಪೇಜುಗಳು ಕಾಣುತ್ತವೆ, ಬೇಡದ್ದರ ಟಿಕ್ ತೆಗೆದು ಪಿಡಿಎಫ್ ಆಗಿ ಉಳಿಸಿಕೊಳ್ಳಬಹುದು. ಇಂಟರ್ನೆಟ್ಟೇ ಬೇಡ.

ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಇರುವ ಫೈಲುಗಳನ್ನು ಒಂದು ಪೇಜ್ ತೆಗೆಯಲೆಂದು ಗೊತ್ತಿಲ್ಲದ ವೆಬ್‌ಸೈಟಿಗೆ ಹಾಕಬೇಡಿ. ಇದನ್ನು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಡಿಜಿಟಲ್ ಸಹಿ ಇರುವ ಪಿಡಿಎಫ್‌ನಿಂದ ಪೇಜ್ ತೆಗೆದರೆ ಸಹಿಗೆ ಬೆಲೆ ಇರುವುದಿಲ್ಲ, ಅದನ್ನೂ ಮುಟ್ಟಬೇಡಿ. ಪಿಡಿಎಫನ್ನು ಮತ್ತೆ ವರ್ಡ್‌ನಲ್ಲಿ ತೆರೆದು ತಿದ್ದೋಣ ಅಂತ ಹೊರಟರೆ ಕನ್ನಡ ಅಕ್ಷರ ಚೆಲ್ಲಾಪಿಲ್ಲಿ ಆಗುವುದೇ ಹೆಚ್ಚು. ಹಳೆಯ ನುಡಿ ಫಾಂಟಿನ ಫೈಲ್ ಆದರಂತೂ ಓದಲೂ ಆಗುವುದಿಲ್ಲ.

ಲಿಬ್ರೆಆಫೀಸ್, ಗೂಗಲ್ ಡಾಕ್ಸ್‌ನಲ್ಲಿ

ಲಿಬ್ರೆಆಫೀಸ್ ರೈಟರ್‌ನಲ್ಲಿ ಗುರುತು ತೋರಿಸಲು ಕಂಟ್ರೋಲ್ ಎಫ್10. ಪೇಜ್ ಬ್ರೇಕ್ ಇರುವ ಕಡೆ ನೀಲಿ ಗೆರೆ ಇರುತ್ತದೆ. ಅದರ ಮೇಲೆ ಮೌಸ್ ಇಟ್ಟರೆ ಬರುವ ಗುಂಡಿಯಲ್ಲೇ ಬ್ರೇಕ್ ಅಳಿಸುವ ಆಯ್ಕೆ ಸಿಗುತ್ತದೆ. ಈ ಒಂದು ವಿಷಯದಲ್ಲಿ ರೈಟರ್ ವರ್ಡ್‌ಗಿಂತ ಸಲೀಸು. ಆದರೆ ವರ್ಡ್ ಕಲಿತವರು ಇಲ್ಲಿ ಮೋಸ ಹೋಗುವ ಜಾಗ ಒಂದಿದೆ. ಇಲ್ಲಿ ಹಾಳೆಯ ಗುಣ ಪೇಜ್ ಸ್ಟೈಲಿನಲ್ಲಿ ಇರುತ್ತದೆ, ಅದು ಬ್ರೇಕಿನಿಂದ ಕೆಳಗೆ ಹರಿಯುತ್ತದೆ. ಬ್ರೇಕ್ ಅಳಿಸಿದರೆ ಕೆಳಗಿನ ಭಾಗಕ್ಕೆ ಮೇಲಿನ ಪೇಜಿನ ಗುಣ ಬರುತ್ತದೆ. ವರ್ಡ್‌ಗೆ ತಲೆಕೆಳಗು. ಆ ಎಂ.ಕಾಂ. ಹುಡುಗಿ ರೈಟರ್ ಬಳಸಿದ್ದರೆ ಅವಳ 34 ಪೇಜ್ ನೆಟ್ಟಗೇ ಉಳಿದು, ಟೇಬಲ್ ಇದ್ದ ಅಡ್ಡ ಹಾಳೆ ನೆಟ್ಟಗಾಗುತ್ತಿತ್ತು.

ರೈಟರ್‌ನಲ್ಲಿ ಬೆಸ ನಂಬರ್ ಯಾವಾಗಲೂ ಬಲಗಡೆಯ ಪೇಜ್. 3ನೇ ಪೇಜ್ ಆದ ಮೇಲೆ ನಂಬರನ್ನು ಮತ್ತೆ 1ರಿಂದ ಶುರು ಮಾಡಿದರೆ, ನಡುವೆ ತಾನೇ ಒಂದು ಖಾಲಿ ಪೇಜ್ ಸೇರಿಸುತ್ತದೆ. ಅದು ಬೇಡವಾದರೆ ಟೂಲ್ಸ್, ಆಪ್ಷನ್ಸ್, ರೈಟರ್, ಪ್ರಿಂಟ್ ಕಡೆ ತಾನಾಗಿ ಸೇರಿದ ಖಾಲಿ ಪೇಜ್ ಪ್ರಿಂಟ್ ಮಾಡುವ ಟಿಕ್ ತೆಗೆಯಿರಿ.

ಗೂಗಲ್ ಡಾಕ್ಸ್‌ನಲ್ಲಿ ವ್ಯೂ ಮೆನುವಿನಿಂದ ಗುರುತುಗಳನ್ನು ತೋರಿಸಿಕೊಂಡು, ಮುಂದಿನ ಪೇಜಿನ ಮೊದಲಲ್ಲಿ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತುವುದು ಮುಖ್ಯ ದಾರಿ. ಪೇಜ್ ಸೆಟಪ್‌ನಲ್ಲಿ 'ಪೇಜ್‌ಲೆಸ್' ಅಂತ ಒಂದಿದೆ. ಪೇಜುಗಳೇ ಮಾಯವಾಗಿ ಒಂದೇ ಉದ್ದ ಹಾಳೆ ಆಗುತ್ತದೆ. ಸ್ಕ್ರೀನಿನಲ್ಲೇ ಓದುವ ಫೈಲಿಗೆ ಒಳ್ಳೆಯದು. ಪ್ರಿಂಟ್ ತೆಗೆದರೆ ಹಾಳೆಗಳು ಮತ್ತೆ ಬರುತ್ತವೆ, ಹಾಗಾಗಿ ಬೈಂಡಿಂಗಿಗೆ ಇದು ಮದ್ದಲ್ಲ. ಡಾಕ್ಸ್‌ನ ದೊಡ್ಡ ಲಾಭ ವರ್ಶನ್ ಹಿಸ್ಟರಿ. ತಪ್ಪಾಗಿ ಅಳಿಸಿದ ಪೇಜನ್ನು ಮಾರನೇ ದಿನವೂ ವಾಪಸ್ ತರಬಹುದು.

ತೆಗೆದ ಮೇಲೆ ಐದು ನಿಮಿಷ

ಪೇಜ್ ಹೋಯಿತು ಅಂತ ಸೀದಾ ಪ್ರಿಂಟ್ ಕೊಡಬೇಡಿ. ಪರಿವಿಡಿಯಲ್ಲಿ ಹಳೆಯ ನಂಬರೇ ಇರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಿ. ಎಲ್ಲಿಯಾದರೂ 'ಟೇಬಲ್ 4 ನೋಡಿ' ಅಂತ ಕೊಂಡಿ ಹಾಕಿದ್ದು, ಆ ಟೇಬಲ್ಲೇ ಅಳಿಸಿದ ಪೇಜಿನಲ್ಲಿ ಇದ್ದರೆ, ಎಫ್9 ಒತ್ತಿದಾಗ ಆ ಜಾಗದಲ್ಲಿ 'ಎರರ್' ಅಂತ ಇಂಗ್ಲಿಷಿನಲ್ಲಿ ಒಂದು ಸಾಲು ಬಂದು ಕೂರುತ್ತದೆ. ಅದನ್ನು ಹುಡುಕಿ ತೆಗೆಯಿರಿ. ಆಮೇಲೆ ಪಿಡಿಎಫ್ ಮಾಡಿ, ಮೊದಲಿಂದ ಕೊನೆವರೆಗೆ ಒಂದು ಸಲ ಕಣ್ಣಾಡಿಸಿ, ಪ್ರತಿ ಹಾಳೆಯ ಕೆಳಗಿನ ನಂಬರ್ ಓದುತ್ತಾ ಹೋಗಿ. ಪ್ರಿಂಟಿಗೆ ಆ ಪಿಡಿಎಫ್ ಕೊಡಿ, ವರ್ಡ್ ಫೈಲ್ ಬೇಡ. ನನ್ನ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ನಿಮ್ಮ 61 ಪೇಜ್ 61 ಆಗಿಯೇ ಹೊರಬರುತ್ತದೆ.